ರೈಫಲ್ ಒಂದು, ಮರದ ತುಂಡು ಒಂದು

ನನ್ನ ಟ್ರಂಕಿನಲ್ಲಿ ಪೊಲೀಸ್ ಠಾಣೆಯ ಒಂದು ರಸೀದಿ ಇದೆ. ಅದರಲ್ಲಿ ‘ರೈಫಲ್ ಒಂದು, ಮರದ ತುಂಡು ಒಂದು’ ಎಂದು ಬರೆದಿದೆ. ಎಲೆಕ್ಷನ್ ಬಂದಾಗ ಲೈಸೆನ್ಸ್ ಇದ್ದವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ ಬರಬೇಕು. ನಾನು ಕೋವಿಯ ಜೊತೆಗೆ ಬಟ್ಟೆಯಲ್ಲಿ ಸುತ್ತಿದ ತುಂಡನ್ನೂ ಮೇಜಿನ ಮೇಲಿಟ್ಟಾಗ ಬರೆದುಕೊಳ್ಳುತ್ತಿದ್ದ ಪೇದೆ ನಕ್ಕ.

“ಇದೆಂತದಮ್ಮ, ಕೊಡೆ ಹಿಡಿಯಾ?”

“ಕೋವಿದೇ ತುಂಡು. ಅದನ್ನೂ ಬರ್ಕೊ.”

“ಮರದ ತುಂಡು ಹಿಡ್ಕೊಂಡು ಯಾರೂ ಎಲೆಕ್ಷನ್ ಕೆಡಿಸಲ್ಲ. ಮನೆಗೆ ತಗೊಂಡ್ಹೋಗಿ.”

“ಕೋವಿ ಎಲ್ಲಿರ್ತದೋ ಅದೂ ಅಲ್ಲೇ ಇರ್ಬೇಕು. ಬರೀತೀಯೋ, ಒಳಗಿರೋ ದೊಡ್ಡವರನ್ನ ಕರೀಲೋ?”

ಬರೆದ.

ಆ ತುಂಡನ್ನು ನನಗೆ ಕೊಟ್ಟವರು ಮೂಡಿಗೆರೆಯಲ್ಲಿ ಕೋವಿ ರಿಪೇರಿ ಮಾಡುತ್ತಿದ್ದ ಆಚಾರ್ರು. ಕಳೆದ ಆಷಾಢದಲ್ಲಿ ತೀರಿಕೊಂಡರಂತೆ. ನನಗೆ ಗೊತ್ತಾದದ್ದು ದೀಪಾವಳಿ ಕಳೆದ ಮೇಲೆ. ಅವರ ಹೆಸರು ಬರೆಯುವುದಿಲ್ಲ. ಅವರ ಅಂಗಡಿಗೇ ಬೋರ್ಡು ಇರಲಿಲ್ಲ, ಬೇಕಾದವರು ಹುಡುಕಿಕೊಂಡು ಬರಲಿ ಎನ್ನುವ ಆಸಾಮಿ. ಕೋವಿ ರಿಪೇರಿಯ ಲೈಸೆನ್ಸನ್ನು ಮಾತ್ರ ಕಟ್ಟು ಹಾಕಿಸಿ, ದೇವರ ಪಟ ತೂಗುಹಾಕುವ ಜಾಗದಲ್ಲಿ ತೂಗುಹಾಕಿದ್ದರು.

ಒಳ್ಳೆಯ ಮನುಷ್ಯ ಎಂದು ಬರೆಯಲು ನಾನು ಕೂತಿಲ್ಲ. ಸಿಡುಕ. ಹೇಳಿದ ದಿನಕ್ಕೆ ಒಂದು ಕೆಲಸವನ್ನೂ ಮುಗಿಸಿ ಕೊಟ್ಟವರಲ್ಲ. ನಶ್ಯ ಏರಿಸಿ ಏರಿಸಿ ಅಂಗಿಯ ಎದೆಯೆಲ್ಲ ಕಂದು ಬಣ್ಣ. ಮಾತಾಡುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಭುಜ ನೋಡುತ್ತಿದ್ದರು. ಮೊದಲ ಸಲ ನನಗೆ ಸಿಟ್ಟು ಬಂದಿತ್ತು, ಇವರೆಂತ ನನ್ನ ಮೈ ನೋಡುವುದು ಎಂದು. ಆಮೇಲೆ ಗಂಡಸರದ್ದೂ ಹಾಗೇ ನೋಡುವುದು ಕಂಡು ಸುಮ್ಮನಾದೆ. ಆದರೆ ಕೈಗೆ ಒಂದು ಕೋವಿ ಕೊಟ್ಟರೆ ಆ ಮನುಷ್ಯನಿಗೆ ಕಾಣುತ್ತಿದ್ದದ್ದು ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಾನು ಅವರಲ್ಲಿಗೆ ಹೋಗುವಾಗ ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಕಾಫಿಗೆ ರೇಟು ಬಂದು ನಮ್ಮ ಕಳಸದಲ್ಲಿ ಕಂಡಕಂಡವರೆಲ್ಲ ಜೀಪು ಕೊಂಡ ಕಾಲ. ನಮ್ಮದು ದೊಡ್ಡ ಎಸ್ಟೇಟಲ್ಲ. ಮೇಲೆ ಸ್ವಲ್ಪ ಕಾಫಿ, ಕೆಳಗೆ ಕಾಡಿನ ಅಂಚಿಗೆ ಗದ್ದೆ. ಕೋವಿಯ ಶಬ್ದ ಕೇಳದ ಗದ್ದೆಯಲ್ಲಿ ಭತ್ತ ಹಾಕುವುದೆಂದರೆ ಹಂದಿಗಳಿಗೆ ಎಲೆ ಹಾಕಿ ಬಡಿಸಿದ ಹಾಗೆ. ಬೆಳೆ ಕಾಯುವುದಕ್ಕೆಂದು ಗಂಡನಿಗೆ ಕೊಟ್ಟಿದ್ದ ರೈಫಲ್ಲನ್ನು ಅವರು ಹೋದ ಮೇಲೆ ಓಡಾಡಿ ನನ್ನ ಹೆಸರಿಗೆ ಮಾಡಿಸಿಕೊಂಡಿದ್ದೆ. ಬೋಲ್ಟ್ ಹಿಂದಕ್ಕೆ ಎಳೆದು ಮುಂದಕ್ಕೆ ನೂಕಿದರೆ ಒಂದೊಂದೇ ತೋಟೆ ಮೇಲೆ ಬಂದು ಕೂರುವ ಕೋವಿ.

ಮೈದುನನಿಗೆ ಅದು ಸರಿಬರಲಿಲ್ಲ. ಅವನ ಗದ್ದೆ ನನ್ನ ಗದ್ದೆಗೆ ತಾಗಿಕೊಂಡೇ ಇದೆ.

“ಅತ್ತಿಗೆ, ಕೋವಿ ನನ್ನ ಹೆಸರಿಗೆ ಮಾಡಿ. ಗದ್ದೆನೂ ನಾನೇ ಮಾಡ್ಕೊಂಡು ಹೋಗ್ತೇನೆ. ನಿಮಗೆ ಉಣ್ಣೋಕೆ ಭತ್ತ ಬಂದ್ರೆ ಆಯ್ತಲ್ಲ?” ಎಂದು ಎರಡು ವರ್ಷದಿಂದ ಹೇಳುತ್ತಿದ್ದ. ನನ್ನ ಗದ್ದೆಯಲ್ಲಿ ಬೆಳೆದದ್ದನ್ನು ನಾನು ಇವನ ಕೈಯಿಂದ ಇಸಿದುಕೊಂಡು ಉಣ್ಣಬೇಕಂತೆ.

ಲೈಸೆನ್ಸು ರಿನ್ಯೂವಲ್‌ಗೆ ಬಂದಾಗ ಠಾಣೆಗೆ ಹೊಸ ಸಬ್‌ಇನ್‌ಸ್ಪೆಕ್ಟರು ಬಂದಿದ್ದರು. ನನ್ನನ್ನು ಕೆಳಗಿಂದ ಮೇಲಿನವರೆಗೆ ನೋಡಿದರು. ನಾನು ಕುಳ್ಳಿ.

“ನೀವೇ ಹೊಡೀತೀರಾ, ಬೇರೆಯವರ ಕೈಲಿ ಹೊಡೆಸ್ತೀರಾ?”

“ನಾನೇ.”

“ಹಾಗಾದ್ರೆ ಒಂದು ತಿಂಗಳು ಬಿಟ್ಟು ನಿಮ್ಮ ಗದ್ದೆಗೇ ಬರ್ತೇನೆ. ಐದು ಗುಂಡು. ಭುಜಕ್ಕೆ ಕೊಟ್ಟು, ಗುರಿ ಇಟ್ಟು ಹೊಡೀಬೇಕು. ಆಗ್ಲಿಲ್ಲ ಅಂದ್ರೆ ನಿಮ್ಮ ಮೈದುನರ ಅರ್ಜಿನೂ ನನ್ನ ಮುಂದಿದೆ.”

ಅವನು ಅರ್ಜಿ ಹಾಕಿದ್ದು ನನಗೆ ಗೊತ್ತಾದದ್ದೇ ಅಲ್ಲಿ.

ಈಗ ನಿಜ ಹೇಳುತ್ತೇನೆ. ಆ ಮೂರು ವರ್ಷ ನಾನು ಹೊಡೆದದ್ದೆಲ್ಲ ಗಾಳಿಗೆ. ಕೋವಿಯ ಹಿಂದಿನ ಮರವನ್ನು, ನಾವು ಬಟ್ಟು ಎನ್ನುತ್ತೇವೆ, ಕಂಕುಳಲ್ಲಿ ಸಿಕ್ಕಿಸಿ, ಮೂತಿ ಮೇಲೆ ಮಾಡಿ, ಕಣ್ಣು ಮುಚ್ಚಿ ಒಂದು. ಹಂದಿ ಓಡುತ್ತಿತ್ತು. ಅಷ್ಟು ಸಾಕಿತ್ತು. ಠಾಣೆಯಿಂದ ಬಂದ ದಿನ ಭುಜಕ್ಕೆ ಕೊಟ್ಟು ಹೊಡೆದು ನೋಡಿದೆ. ಕೋವಿ ಕತ್ತೆಯ ಹಾಗೆ ಒದೆಯಿತು. ಕೆನ್ನೆ ಊದಿ ಕಣ್ಣು ಅರ್ಧ ಮುಚ್ಚಿತು. ಎರಡನೇ ತೋಟೆ ಮೇಲೆ ಬರದೆ ಒಳಗೇ ಸಿಕ್ಕಿಕೊಂಡಿತು.

ಮೈದುನ ನನ್ನ ಕೆನ್ನೆ ನೋಡಿ, “ಮ್ಯಾಗಜಿನ್, ಈ ತೋಟೆ ಪೆಟ್ಟಿಗೆ, ಹೋಗಿದೆ ಅತ್ತಿಗೆ. ಹತ್ತು ತೋಟೆ ಹಿಡಿಯೋದು ಬಂದಿದೆಯಂತೆ, ಅದನ್ನ ಹಾಕಿಸೋಣ. ನಡೀರಿ, ನನ್ನ ಜೀಪಲ್ಲೇ ಮೂಡಿಗೆರೆಗೆ ಹೋಗಿ ಬರೋಣ” ಎಂದ. ತಿಂಗಳು ಕಳೆದರೆ ಕೋವಿ ಹೇಗೂ ತನಗೇ ಬರುತ್ತದೆ, ಬರುವಾಗ ದೊಡ್ಡ ಮ್ಯಾಗಜಿನ್ ಹಾಕಿಕೊಂಡೇ ಬರಲಿ ಎಂದು ಅವನ ಲೆಕ್ಕ. ಗೊತ್ತಿದ್ದೂ ಜೀಪು ಹತ್ತಿದೆ. ಬಸ್ಸಿನಲ್ಲಿ ಗೋಣಿ ಸುತ್ತಿದ ಕೋವಿ ಹಿಡಿದು ನಿಲ್ಲುವುದಕ್ಕಿಂತ ಅದು ವಾಸಿ.

ನಾವು ಹೋದಾಗ ಆಚಾರ್ರು ನೆಲದ ಮೇಲೆ ಕೂತು, ಎರಡು ಪಾದಗಳ ನಡುವೆ ಒಂದು ಮರ ಹಿಡಿದು ಕೆತ್ತುತ್ತಿದ್ದರು. ಯಾರೋ ದೊಡ್ಡ ಪ್ಲಾಂಟರು ಎದುರಿಗೆ ನಿಂತಿದ್ದರು, ಕೈಯಲ್ಲಿ ಬಣ್ಣಬಣ್ಣದ ಪುಸ್ತಕ. ಅದರಲ್ಲಿದ್ದ ಹತ್ತು ತೋಟೆಯ ಮ್ಯಾಗಜಿನ್ನೇ ಅವರಿಗೂ ಬೇಕಿತ್ತು.

“ಹತ್ತು ಹಂದಿ ಲೈನಾಗಿ ಬರ್ತಾವಾ ಸಾರ್ ನಿಮ್ಮಲ್ಲಿ?” ಎಂದರು ಆಚಾರ್ರು, ತಲೆ ಎತ್ತದೆ.

“ಇರ್ಲಿ ಅಂತ.”

“ಇರ್ಲಿ ಅಂತ ಇಡೋದಾದ್ರೆ ಈ ಪುಸ್ತಕನೇ ಇಟ್ಕೊಳ್ಳಿ. ತೂಕ ಕಡಿಮೆ.”

ಪ್ಲಾಂಟರು ನಕ್ಕು ಹೊರಟುಹೋದರು. ನನ್ನ ಮೈದುನ ಮಾತ್ರ ಅಲ್ಲೇ ಸ್ವಲ್ಪ ಚಿಕ್ಕವನಾದ.

ಆಚಾರ್ರು ಮೊದಲು ಲೈಸೆನ್ಸು ನೋಡಿದರು. ಆಮೇಲೆ ಕೋವಿ ಬಿಚ್ಚಿ, ಬೋಲ್ಟ್ ಎಳೆದು, ಒಳಗೆ ತೋಟೆ ಇಲ್ಲವೆಂದು ಬೆರಳು ಹಾಕಿ ನೋಡಿಕೊಂಡರು. ಕೆಳಗೆ ಪೇಪರು ಹಾಸಿ ಮ್ಯಾಗಜಿನ್ ಕಳಚಿ ತಟ್ಟಿದರು. ಕೆಂಪಗೆ ಉದುರಿತು. ಮತ್ತೆ ತಟ್ಟಿದರು. ಅರಿಶಿನ, ಗಂಧದ ಹೆಂಟೆ, ಒಣಗಿದ ಚೆಂಡುಹೂವಿನ ಎಸಳು, ಸತ್ತ ಇರುವೆ.

“ಇದೇನು ಕೋವಿಯೋ, ಪೂಜೆ ತಟ್ಟೆಯೋ?”

ಆಯುಧಪೂಜೆಗೆ ನಾವು ಕೋವಿಯನ್ನೂ ಕತ್ತಿ, ಹಾರೆ, ಕಾಫಿ ಹಣ್ಣು ಸುಲಿಯುವ ಪಲ್ಪರ್ ಮಿಷನ್ನಿನ ಜೊತೆಗೇ ಪೂಜೆ ಮಾಡುವವರು. ಗಂಡ ಇದ್ದಾಗ ಅವರು, ಆಮೇಲೆ ನಾನು. ಬೋಲ್ಟ್ ತೆರೆದಿಟ್ಟು ಒಳಗೂ ಕುಂಕುಮ ಹಾಕುತ್ತಿದ್ದೆವು, ಶಕ್ತಿ ಒಳಗಲ್ಲವೇ ಇರುವುದು ಎಂದು. ಮೇಲಿಂದ ಎಳನೀರು ಚಿಮುಕಿಸುತ್ತಿದ್ದೆವು. ತುಕ್ಕು ಹಿಡಿಯದಿರಲೆಂದು ತೆಂಗಿನೆಣ್ಣೆ ಸವರುತ್ತಿದ್ದೆವು. ಚಳಿಗೆ ಅದು ತುಪ್ಪದ ಹಾಗೆ ಗಟ್ಟಿಯಾಗಿ, ಮೂವತ್ತು ವರ್ಷದ ಕುಂಕುಮವನ್ನೆಲ್ಲ ಹಿಡಿದಿಟ್ಟುಕೊಂಡಿತ್ತು. ಇದನ್ನು ನಾನು ಹೇಳಿದಾಗ ಆಚಾರ್ರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

“ಘಟ್ಟದಲ್ಲಿರೋ ಅರ್ಧ ಕೋವಿ ಇದೇ ಕಾಯಿಲೆಗೆ ನನ್ನಲ್ಲಿ ಬರ್ತಾವೆ. ದೇವರಿಗೆ ಹೊರಗೆ ಇಡಿ ಅಮ್ಮ, ಒಳಗಿಂದು ನಂಗೆ ಬಿಡಿ” ಎಂದರು. ಸೀಮೆಎಣ್ಣೆಯಲ್ಲಿ ತೊಳೆದು, ತಟ್ಟಿ, ಒರೆಸಿದರು. ಮದ್ದಿಲ್ಲದ ಸುಳ್ಳು ತೋಟೆ ಹಾಕಿ ಬೋಲ್ಟ್ ಎಳೆದರು. ನಾಲ್ಕು ಹಾಕಿದಾಗ ನಾಲ್ಕೂ ಸರಿಯಾಗಿ ಬಂದವು. ಐದು ಹಾಕಿದಾಗ ಮೇಲಿನದೇ ಸೋತು ಮಲಗಿತು.

“ತೊಳೆದದ್ದು ರಿಪೇರಿ ಅಲ್ಲ, ಪಾತ್ರೆ ತಿಕ್ಕಿದ ಹಾಗೆ. ರಿಪೇರಿ ಇನ್ನು ಮೇಲೆ. ಒಳಗಿನ ಸ್ಪ್ರಿಂಗ್ ಸೋತಿದೆ, ಐದರ ಭಾರ ಎತ್ತೋದಿಲ್ಲ, ಹೊಸ ಪೆಟ್ಟಿಗೆ ತರಿಸ್ಬೇಕು. ಅದೊಂದು. ಎರಡನೇದು...” ಎಂದು ನನ್ನ ಭುಜ ನೋಡಿದರು. “ಎದ್ದು ನಿಲ್ಲಿ. ಕಣ್ಣು ಮುಚ್ಚಿ. ಕೋವಿ ಭುಜಕ್ಕೆ ಎತ್ತಿ. ಈಗ ಕಣ್ಣು ಬಿಡಿ. ಎಂತ ಕಾಣ್ತದೆ?”

“ಬೋಲ್ಟಿನ ಬೆನ್ನು.”

“ಮೂತಿ ಮೇಲಿರೋ ಗುರಿಯ ಮೊಳೆ?”

“ಇಲ್ಲ.”

“ಕಾಣೋದಿಲ್ಲ. ಇದು ನಿಮಗಿಂತ ಒಂದಡಿ ಎತ್ತರದವರ ಕೋವಿ.”

ಆಮೇಲೆ ಆದದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕೋವಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಮರವನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದರು. ಬಾಣಂತನ ಮಾಡುವವಳು ಮಗುವಿನ ಬೆನ್ನು ನೀವುವ ಹಾಗೆ. ಸವರುತ್ತಾ ಕೇಳಿದರು:

“ಯಜಮಾನರಿಗೆ ಎಡಗೈ ಕಿರುಬೆರಳು ಇರ್ಲಿಲ್ವಾ?”

ಮದುವೆಯಾದ ಎರಡನೇ ವರ್ಷ ಪಲ್ಪರಿಗೆ ಕೈ ಸಿಕ್ಕಿ ಆ ಬೆರಳು ಹೋಗಿತ್ತು. ಆಚಾರ್ರು ನನ್ನ ಗಂಡನನ್ನು ಕಂಡವರೇ ಅಲ್ಲ.

“ಎಡಗೈ ಹಿಡಿಯೋ ಜಾಗದಲ್ಲಿ ಮೂರು ಬೆರಳಿನ ಸವಕಳಿ ಇದೆ. ನಾಲ್ಕನೇದು ಇಲ್ಲ” ಎಂದರು, ಇದೇನು ದೊಡ್ಡದು ಎನ್ನುವ ಹಾಗೆ. ಹೆಬ್ಬೆರಳು ಹಿಂದೆ ಬಂದು ಕೆನ್ನೆ ತಾಗುವ ಜಾಗದಲ್ಲಿ ನಿಂತಿತು. “ಇಲ್ಲಿ ಪಾಲಿಶ್ ಹೊಸದರ ಹಾಗೇ ಇದೆ. ಅವರು ಒಂದು ದಿನವೂ ಇದಕ್ಕೆ ಕೆನ್ನೆ ಕೊಟ್ಟವರಲ್ಲ. ಒದೆಗೆ ಹೆದರಿ ಮುಖ ಆಚೆ ಇಟ್ಕೊಂಡು ಹೊಡೆದಿದ್ದಾರೆ.”

ಮೈದುನ ಎದ್ದು ನಿಂತ. “ಎಂತ ಮಾತು ಇದು? ನಮ್ಮಣ್ಣ ಹೆದರೋನಾ?”

“ನಂಗೆಂತ ಗೊತ್ತು? ಮರದಲ್ಲಿ ಇದ್ದದ್ದು ಹೇಳ್ದೆ.”

ಮೂವತ್ತು ವರ್ಷ ಆ ಮನುಷ್ಯನ ಜೊತೆ ಬಾಳಿದೆ. ಮದುವೆಮನೆಗಳಲ್ಲಿ ಎಲೆಅಡಿಕೆ ಹಾಕಿಕೊಂಡು ಕೋವಿಯ ಕತೆ ಹೇಳುತ್ತಿದ್ದದ್ದು ಕೇಳಿದ್ದೇನೆ. ಗದ್ದೆಯಿಂದ ಬಂದು ಪ್ರತಿ ಸಲವೂ “ಸ್ವಲ್ಪದರಲ್ಲಿ ತಪ್ಪಿಸ್ಕೊಂಡ್ತು ಕಣೆ” ಎನ್ನುತ್ತಿದ್ದರು. ನನಗೆ ಒಂದು ದಿನವೂ ಗೊತ್ತಾಗಲಿಲ್ಲ. ಈ ನಶ್ಯದ ಮನುಷ್ಯನಿಗೆ ಒಂದು ಗಳಿಗೆಯಲ್ಲಿ ಗೊತ್ತಾಯಿತು. ಗಂಡನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಾನೊಬ್ಬಳೇ ಹೆದರುಪುಕ್ಕಲಿ ಎಂದುಕೊಂಡಿದ್ದೆ, ಅಲ್ಲ ಎಂದು ಸಮಾಧಾನವೇ ಆಯಿತು.

“ಈಗ ಹೇಳಿ” ಎಂದರು ಆಚಾರ್ರು. “ಪೆಟ್ಟಿಗೆಯಾ, ಮರವಾ?”

“ಎರಡೂ ಮಾಡಿ” ಎಂದ ಮೈದುನ.

“ಒಂದು ಕೋವಿಗೆ ಒಂದು ಸಲಕ್ಕೆ ಒಂದೇ ಕೆಲಸ. ಎರಡೂ ಒಟ್ಟಿಗೆ ಮಾಡಿದ್ರೆ ಯಾವುದ್ರಿಂದ ಗುಣ ಆಯ್ತು, ಯಾವುದ್ರಿಂದ ಕೆಟ್ಟಿತು ಅಂತ ನಂಗೂ ಗೊತ್ತಾಗಲ್ಲ, ಕೋವಿಗೂ ಗೊತ್ತಾಗಲ್ಲ. ಒಂದು ಮಾಡಿ, ಒಂದು ಮಳೆಗಾಲ ನೋಡಿ, ಆಮೇಲೆ ಇನ್ನೊಂದು.”

“ಇನ್‌ಸ್ಪೆಕ್ಟರು ಮಳೆಗಾಲ ಕಾಯ್ತಾರಾ? ಐದು ಗುಂಡು ಅಂದಿದ್ದಾರೆ. ಪೆಟ್ಟಿಗೆನೇ ಹಾಕಿ. ಮರಕ್ಕೆಂತ ಆಗಿದೆ, ಗುಂಡುಕಲ್ಲಿನ ಹಾಗಿದೆ.”

“ನಾನು ನಿಮ್ಮನ್ನ ಕೇಳ್ಲಿಲ್ಲ. ಲೈಸೆನ್ಸಲ್ಲಿ ಯಾರ ಹೆಸರಿದೆಯೋ ಅವರನ್ನ ಕೇಳ್ದೆ.”

ನಾನು ಯೋಚಿಸಿದೆ. ತೋಟೆ ಸಿಕ್ಕಿಕೊಂಡರೆ ಬಿಡಿಸಲು ನನಗೆ ಕೈ ಇದೆ. ಗುರಿಯೇ ಕಾಣದಿದ್ದರೆ, ಒದೆಗೆ ಕಣ್ಣು ಮುಚ್ಚಿಕೊಂಡರೆ, ಹತ್ತಲ್ಲ ನೂರು ತೋಟೆ ಇದ್ದರೂ ಗಾಳಿಗೇ. ಆದರೆ ಇನ್‌ಸ್ಪೆಕ್ಟರು ಹೇಳಿದ್ದು ಐದು. ನಾಲ್ಕಕ್ಕೆ ಒಪ್ಪದಿದ್ದರೆ ಕೋವಿ ಹೋಯಿತು, ಅದರ ಹಿಂದೆ ಗದ್ದೆ.

“ಮರ” ಎಂದೆ.

ಆಗ ಅವರು ಮೊದಲ ಸಲ ನನ್ನ ಮುಖ ನೋಡಿದರು.

ಹೊಸ ಬಟ್ಟು ಕೆತ್ತುತ್ತಾರೆ ಎಂದುಕೊಂಡಿದ್ದೆ. “ಹೊಸ ಮರ ಒಂದು ಮಳೆ, ಒಂದು ಬೇಸಿಗೆ ಕುಡೀದೆ ಕೋವಿಗೆ ಒಗ್ಗೋದಿಲ್ಲ. ಇರೋದನ್ನೇ ನಿಮ್ಮ ಅಳತೆಗೆ ತರ್ತೇನೆ” ಎಂದು, ಬಾಳೆನಾರಿನಿಂದ ನನ್ನ ಮೊಣಕೈಯಿಂದ ಬೆರಳಿನ ಗೆಣ್ಣಿನವರೆಗೆ ಅಳೆದರು. ಮೂಲೆಯಲ್ಲಿದ್ದ ನೀರಿನ ಕೊಡ ಎತ್ತಿಸಿದರು, ಇಳಿಸಿದರು, ಮತ್ತೆ ಎತ್ತಿಸಿದರು. ನಾನು ಯಾವ ಕಾಲಿನ ಮೇಲೆ ಭಾರ ಹಾಕುತ್ತೇನೆಂದು ನೋಡುತ್ತಿದ್ದರಂತೆ. ಕೊನೆಗೆ ಬಟ್ಟಿನ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು ಗರಗಸ ತೆಗೆದರು. ಮೈದುನ ಅಯ್ಯೋ ಎಂದ. ಗಂಡನ ಕೋವಿ, ತಡೆಯಲು ನನ್ನ ಕೈಯೂ ಮುಂದೆ ಹೋಗಿತ್ತು. ಆಚಾರ್ರು ಉಸಿರು ಹಿಡಿದು, ನಡುವೆ ಒಂದು ಸಲವೂ ನಿಲ್ಲಿಸದೆ ಎಳೆದರು. ಎರಡು ಬೆರಳು ಅಗಲದ ತುಂಡು, ತುದಿಯ ಕಬ್ಬಿಣದ ತಗಡಿನ ಸಮೇತ, ಅವರ ಅಂಗೈಗೆ ಬಿತ್ತು. ಕೊಯ್ದ ಮುಖ ಬೆಣ್ಣೆ ಕೊಯ್ದ ಹಾಗಿತ್ತು. ಆ ಜಾಗಕ್ಕೆ ಹಳೇ ಟಯರಿನ ರಬ್ಬರು ಕೊಯ್ದು ಕೂರಿಸಿದರು.

“ಕಣ್ಣು ಮುಚ್ಚಿ. ಎತ್ತಿ. ಬಿಡಿ.”

ಬಿಟ್ಟೆ. ಗುರಿಯ ಮೊಳೆ ನನ್ನ ಕಣ್ಣೆದುರಿಗೇ ನಿಂತಿತ್ತು, ಯಾರೋ ಈಗ ತಂದು ನೆಟ್ಟ ಹಾಗೆ.

ಹೊರಡುವಾಗ ಕೊಯ್ದ ತುಂಡನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಎರಡು ಉದ್ದ ಸ್ಕ್ರೂ ಸೇರಿಸಿ ನನ್ನ ಕೈಗಿಟ್ಟರು.

“ಇದು ಎಂತಕ್ಕೆ?” ಎಂದೆ.

“ಕೋವಿ ನಿಮ್ಮದಲ್ಲ ಅಮ್ಮ, ಈಗ ನಿಮ್ಮ ಹತ್ರ ಇದೆ ಅಷ್ಟೇ. ನಾಳೆ ಉದ್ದನೆಯವರ ಕೈಗೆ ಹೋದ್ರೆ ಇದು ಬೇಕಾಗ್ತದೆ. ಕೋವಿ ಇಟ್ಟಲ್ಲೇ ಇದನ್ನೂ ಇಡಿ. ಒಂದೇ ಮಳೆ, ಒಂದೇ ಬಿಸಿಲು ಎರಡಕ್ಕೂ ತಾಗ್ಬೇಕು. ಬೇರೆ ಬೇರೆ ಇಟ್ರೋ, ಅದು ಒಂದು ಅಳತೆಗೆ ಉಬ್ಬುತ್ತದೆ, ಇದು ಒಂದು ಅಳತೆಗೆ. ಮತ್ತೆ ಕೂರೋದಿಲ್ಲ.”

“ಇನ್‌ಸ್ಪೆಕ್ಟರು ಐದು ಅಂದ್ರೆ ಎಂತ ಮಾಡ್ಲಿ?”

“ನಾಲ್ಕೇ ತುಂಬಿ. ಐದು ಅವರ ಬಾಯಲ್ಲಿರೋದು, ಕೋವಿಯಲ್ಲಿರೋದು ನಾಲ್ಕು.”

“ನೀವೇ ಒಂದು ಸಲ ಹೊಡೆದು ತೋರ್ಸಿ, ಹೇಗೆ ನಿಲ್ಲೋದು ಅಂತ.”

“ನಾನು ಜನ್ಮದಲ್ಲಿ ಹೊಡೆದವನಲ್ಲ. ಆ ಶಬ್ದ ನಂಗೆ ಆಗೋದಿಲ್ಲ ಮಾರಾಯ್ತಿ” ಎಂದು ನಶ್ಯ ಏರಿಸಿದರು.

ನಾನು ದಿನಾ ಬೆಳಿಗ್ಗೆ ಖಾಲಿ ಕೋವಿ ಹಿಡಿದು ಕಣ್ಣು ಮುಚ್ಚಿ, ಎತ್ತಿ, ಕಣ್ಣು ಬಿಟ್ಟು ಅಭ್ಯಾಸ ಮಾಡಿದೆ. ಕಾಫಿ ಕೊಯ್ಲಿನ ಹೆಂಗಸರು ನನಗೆ ಗಾಳಿ ಮೆಟ್ಟಿದೆ ಎಂದರು.

ಇನ್‌ಸ್ಪೆಕ್ಟರು ಹೇಳಿದ ದಿನವೇ ಬಂದರು. ಆಚೆ ಮಣ್ಣಿನ ದರೆಗೆ ಒಂದು ಸೀಮೆಎಣ್ಣೆ ಡಬ್ಬ ಇಟ್ಟು, ಐವತ್ತು ಹೆಜ್ಜೆ ಅಳೆಸಿದರು. ಮೈದುನ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ನಾನು ತೋಟೆ ತುಂಬಿದೆ.

“ನಾಲ್ಕೇ ಹಾಕಿದ್ರಲ್ಲ?” ಎಂದರು ಇನ್‌ಸ್ಪೆಕ್ಟರು.

“ಇದು ನಾಲ್ಕರ ಕೋವಿ ಸಾರ್. ಐದು ತುಂಬಿದ್ರೆ ಸಿಕ್ಕಿಕೊಳ್ತದೆ. ಗೊತ್ತಿದ್ದೂ ತುಂಬೋದು ಸರಿಯಲ್ಲ.”

ಅವರು ಡಬ್ಬದ ಕಡೆ ಕೈ ತೋರಿಸಿದರು. ಮೊದಲನೆಯದು ದರೆಗೆ ಹೋಯಿತು, ಮಣ್ಣು ಹಾರಿತು. ಮೈದುನ ಕೆಮ್ಮಿದ. ಒದೆ ಬಂತು, ಆದರೆ ಯಾರೋ ಅಂಗೈಯಿಂದ ನೂಕಿದ ಹಾಗೆ, ಅಷ್ಟೇ. ನನ್ನ ಕಣ್ಣು ತೆರೆದೇ ಇತ್ತು. ಅದು ನನಗೇ ಆಶ್ಚರ್ಯ. ಎರಡನೆಯದು ಡಬ್ಬದ ಅಂಚು. ಮೂರನೆಯದು ನಡುವಿಗೆ. ನಾಲ್ಕನೆಯದಕ್ಕೆ ಡಬ್ಬವೇ ಉರುಳಿತು. ಬೋಲ್ಟ್ ತೆರೆದು, ಖಾಲಿ ಎಂದು ತೋರಿಸಿ, ಕೋವಿಯನ್ನು ಕೆಳಗಿಟ್ಟೆ.

“ತಮ್ಮ ಕೋವಿಯಲ್ಲಿ ಎಷ್ಟು ಹಿಡೀತದೆ ಅಂತ ಗೊತ್ತಿರೋರನ್ನ ನಾನು ಕಡಿಮೆ ನೋಡಿದ್ದೇನೆ” ಎಂದು ಇನ್‌ಸ್ಪೆಕ್ಟರು ಅಲ್ಲೇ ಸಹಿ ಹಾಕಿದರು. ಆ ವರ್ಷ ಗದ್ದೆಗೆ ನಾನೇ ಭತ್ತ ಹಾಕಿದೆ. ಮೈದುನ ಎರಡು ತಿಂಗಳು ಮಾತು ಬಿಟ್ಟ. ಆಮೇಲೆ ಒಂದು ದಿನ ಬೇಲಿಯಾಚೆ ನಿಂತು, “ಅತ್ತಿಗೆ, ನಮ್ಮ ಗದ್ದೆ ಕಡೆಗೂ ಒಂದು ಹಾರಿಸಿ ಮಾರಾಯ್ರೆ, ಹಂದಿ ಬರ್ತಾ ಇದೆ” ಎಂದ. ಹಾರಿಸಿದೆ.

ಒಂದು ಮಳೆಗಾಲ ಕಳೆದು ಮ್ಯಾಗಜಿನ್ನಿಗೆಂದು ಮತ್ತೆ ಹೋದೆ. ಆಚಾರ್ರಿಗೆ ನನ್ನ ಗುರುತೇ ಸಿಗಲಿಲ್ಲ. ಭುಜ ನೋಡಿ, “ಓ, ಎರಡು ಬೆರಳು ಕಡಿಮೆ” ಎಂದರು. ಸ್ಪ್ರಿಂಗ್ ಹಾಕಿ ಕೊಟ್ಟರು. ತುಂಡು ತಂದಿದ್ದೀರಾ ಎಂದು ಕೇಳಿದರು. ತಂದಿದ್ದೆ. ಮೂಸಿ ನೋಡಿ, ವಾಪಸು ಕೊಟ್ಟರು. ಅದೇ ಕೊನೆ.

ಈಗ ನನ್ನ ಕಣ್ಣಿಗೆ ಪೊರೆ. ಗದ್ದೆ ಮಾಡುತ್ತಿರುವವಳು ಮಗಳು. ಅಪ್ಪನ ಹಾಗೆ ಉದ್ದ. ಲೈಸೆನ್ಸು ಅವಳ ಹೆಸರಿಗೆ ಬಂದಿದೆ. ಕೋವಿಯನ್ನು ಅವಳ ಅಳತೆಗೆ ಮಾಡಿಸೋಣವೆಂದು ಇಬ್ಬರೂ ಮೂಡಿಗೆರೆಗೆ ಹೋದರೆ, ಆ ಜಾಗದಲ್ಲಿ ಮೊಬೈಲ್ ಅಂಗಡಿ. ಪಕ್ಕದ ಟೈಲರು ಸುದ್ದಿ ಹೇಳಿದ. ಹಿಂದೆ ಬರುವಾಗ ಬಸ್ಸಿನಲ್ಲಿ ನಾನು ಅಳಲಿಲ್ಲ. ಇನ್ನು ಇದನ್ನು ಮಾಡುವವರು ಯಾರು ಎಂದು ಯೋಚನೆ.

ಮನೆಗೆ ಬಂದು ಜಗಲಿಯಲ್ಲಿ ಕೂತು, ಕೋವಿ ಖಾಲಿ ಎಂದು ಮಗಳ ಕೈಯಲ್ಲಿ ನೋಡಿಸಿ, ರಬ್ಬರು ಕಳಚಿದೆವು. ಎಣ್ಣೆಬಟ್ಟೆ ಬಿಚ್ಚಿ ತುಂಡು ತೆಗೆದೆವು. ಹತ್ತು ಹನ್ನೊಂದು ಮಳೆಗಾಲ ಎರಡೂ ಒಂದೇ ಬೀರುವಿನಲ್ಲಿ, ಎಲೆಕ್ಷನ್ ಬಂದಾಗ ಒಂದೇ ಠಾಣೆಯಲ್ಲಿ ಇದ್ದವು. ಮಗಳು ಕೂರಿಸಿ, ಅವರು ಕೊಟ್ಟ ಎರಡು ಉದ್ದ ಸ್ಕ್ರೂ ತಿರುಗಿಸಿದಳು.

“ಕಣ್ಣು ಮುಚ್ಚು. ಎತ್ತು. ಬಿಡು. ಎಂತ ಕಾಣ್ತದೆ?”

“ಗುರಿ ಮೊಳೆ. ನೇರ ಎದುರಿಗೇ ಇದೆ ಅಮ್ಮ.”

ಕೋವಿಯನ್ನು ಇಸಿದುಕೊಂಡು ತೊಡೆಯ ಮೇಲೆ ಮಲಗಿಸಿಕೊಂಡೆ. ನನ್ನ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲವಲ್ಲ, ಕೊಯ್ದು ಸೇರಿಸಿದ ಜಾಗ ಎಲ್ಲಿದೆ ಎಂದು ಉಗುರಿನಿಂದ ಮರವನ್ನು ಈ ತುದಿಯಿಂದ ಆ ತುದಿಯವರೆಗೆ ಗೀರುತ್ತಾ ಹೋದೆ. ಮತ್ತೊಂದು ಸಲ ಗೀರಿದೆ. ಉಗುರು ಎಲ್ಲಿಯೂ ತಡೆಯಲಿಲ್ಲ.